ಕೈಗೆ ಕೊಡದ ಈಳಿಗೆ

ಅಮೆರಿಕದ ಯೂಲೆಸ್ ಊರಿನ ನಮ್ಮ ಮನೆಯಲ್ಲಿ ನಿನ್ನೆ ಜಪಾನಿನ ಕತ್ತಿ ಮಾಡುವವರ ಡಾಕ್ಯುಮೆಂಟರಿ ನೋಡುತ್ತಿದ್ದೆ. ಸೋಫಾದ ಆ ತುದಿಯಲ್ಲಿ ಮಗಳು ಸೇಬು ಹೆಚ್ಚಿಕೊಂಡು ತಿನ್ನುತ್ತಿದ್ದಳು. ಬೆಳಿಗ್ಗೆ ಜಗಳಾಡಿ ಇಬ್ಬರೂ ಮಾತು ಬಿಟ್ಟಿದ್ದೆವು. ಟಿವಿಯಲ್ಲಿ ಮುದುಕ ಕಮ್ಮಾರ ತಿಂಗಳುಗಟ್ಟಲೆ ಬಡಿದು ಮಾಡಿದ ಕತ್ತಿಯನ್ನು ಶಿಷ್ಯನ ಕೈಗೆ ಕೊಡಲಿಲ್ಲ. ಬಟ್ಟೆ ಹಾಸಿ ನೆಲದ ಮೇಲಿಟ್ಟ. ಶಿಷ್ಯ ಬಾಗಿ ಎತ್ತಿಕೊಂಡ.

ನಾನು ಸೀದಾ ಧಾರವಾಡದ ಅಡುಗೆಮನೆಗೆ ಹೋಗಿಬಿಟ್ಟೆ.

ನಮ್ಮ ಅಜ್ಜಿಯೂ ಹಾಗೇ, ಈಳಿಗೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಬದನೆಕಾಯಿ ಹೆಚ್ಚಿ ಹೆಚ್ಚಿ ಕರ್ರಗಾಗಿದ್ದ ಅಲಗನ್ನು ಸೆರಗಿನಿಂದ ಒರೆಸಿ, ಮಡಚಿ, ನೆಲದ ಮೇಲಿಟ್ಟು ಕೈ ತೆಗೆಯುತ್ತಿದ್ದಳು. ಆಮೇಲೆ ಅವ್ವ ತನ್ನ ಕಡೆ ಎಳೆದುಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಆಗುತ್ತದಂತೆ. ಅತ್ತೆ ಸೊಸೆ ವಾರಗಟ್ಟಲೆ ಮಾತು ಬಿಟ್ಟಿದ್ದಾಗಲೂ ಈ ಪದ್ಧತಿ ಮಾತ್ರ ತಪ್ಪುತ್ತಿರಲಿಲ್ಲ. ಅಂಥದೇ ಒಂದು ದಿನ ನಾನು ಕೇಳಿದೆ: “ಹೆಂಗೂ ಜಗಳಾಡೀರಲ್ಲ ಅಜ್ಜಿ, ಕೈಯಾಗ ಕೊಟ್ರ ಏನಾಗ್ತದ?”

“ಇದ್ದ ಜಗಳಾನ ಮುಗೀವಲ್ದು. ಮತ್ತೊಂದು ಹೊಸಾದು ಯಾಕ ಬೇಕವಾ?” ಅಂದಳು ಅಜ್ಜಿ. ಒಲೆಯ ಕಡೆ ಮುಖ ಮಾಡಿ ಕೂತಿದ್ದ ಅವ್ವನ ಬೆನ್ನು ನಗುವಿಗೆ ಕುಲುಕಿತು.

ಡಾಕ್ಯುಮೆಂಟರಿ ಮುಗಿಯಿತು. ಮಾವಿನಹಣ್ಣು ಹೆಚ್ಚೋಣ ಅಂತ ಎದ್ದು, ಚಾಕುವಿಗಾಗಿ ಮಗಳತ್ತ ಸುಮ್ಮನೆ ಕೈ ಚಾಚಿದೆ. ಅವಳು ಕೈಗೆ ಕೊಡಲಿಲ್ಲ. ಟೀಪಾಯಿಯ ಮೇಲಿಟ್ಟು, ನನ್ನ ಕಡೆ ಮೆಲ್ಲಗೆ ಸರಿಸಿದಳು. ಇದನ್ನು ನಾನು ಹೇಳಿಕೊಟ್ಟವಳೇ ಅಲ್ಲ, ಯಾವಾಗ ನನ್ನನ್ನು ನೋಡಿ, ಕೇಳಿ ಕಲಿತಳೋ!

ತಲೆ ಎತ್ತದೆ ಅಂದಳು: “ಒನ್ ಫೈಟ್ ಈಸ್ ಇನಫ್, ಅಮ್ಮಾ.”