ಕೋಕಿಲಾಗೆ ಕೇಳಿಸದ ಸದ್ದು

ಆಗ ನಾನು ಬಂಗಾಳದ ಸಾಲ್ಟ್ ಲೇಕಿನ ಒಂದು ಕಾಲ್ ಸೆಂಟರಿನಲ್ಲಿ ಹೊಸಬರಿಗೆ ಆತ್ಮವಿಶ್ವಾಸ ಕಲಿಸುತ್ತಿದ್ದೆ. ನನ್ನಲ್ಲಿಲ್ಲದ್ದನ್ನು ಹಂಚುವುದಕ್ಕೇ ಸಂಬಳ. ಮೊದಲ ಪಾಠ: ಗಿರಾಕಿಗೆ ‘ಗೊತ್ತಿಲ್ಲ’ ಅನ್ನಬಾರದು.

ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನ ಅಶ್ವತ್ಥನಾರಾಯಣರು ಮೈಸೂರಿನವರು. ಭಾನುವಾರ ಅವರ ಮನೆಯ ಹುಳಿಯನ್ನ ನನಗೆ ಖಾಯಂ. ಮಗಳು ಕೋಕಿಲಾ ಡಾಕ್ಟರಿಕೆ ಓದಿನ ಕೊನೇ ವರ್ಷದಲ್ಲಿದ್ದಳು. ಕಿವಿ ಕೆಂಪಾದರೂ ಸರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದುಬಿಡುವ ಹುಡುಗಿ. ಪುಚ್ಕಾ ಅನ್ನುವ ಅಲ್ಲಿನ ಪಾನಿಪುರಿ ಮಾರುವವನು “ಖಾರ ಸಾಕಾ?” ಎಂದರೂ “ತಿಂದು ಹೇಳ್ತೀನಿ” ಅನ್ನುವ ಜಾತಿ.

“ಇಂಥ ಬಾಯಿ ಇಟ್ಕೊಂಡು ಇವಳು ಉದ್ಧಾರ ಆಗ್ತಾಳೇನಪ್ಪಾ ವಿಘ್ನೇಶ? ಸ್ವಲ್ಪ ಪರ್ಸನಾಲಿಟಿ ಕಲಿಸು,” ಎಂದರು ಅವಳಪ್ಪ.

ಕಲಿಸಿದೆ. “ಪರೀಕ್ಷಕರ ಕಣ್ಣು ನೋಡು. ತಡವರಿಸಬೇಡ. ಹೌದು ಅನ್ನು.”

ಪರೀಕ್ಷೆಯ ದಿನ ಪರೀಕ್ಷಕರು ಒಬ್ಬ ಹೆಂಗಸಿನ ಎದೆಗೆ ಸ್ಟೆತಾಸ್ಕೋಪ್ ಇಡಿಸಿ, ಬಡಿತದ ಮಧ್ಯೆ ಬೇರೆ ಸದ್ದು ಕೇಳಿಸುತ್ತಾ ಎಂದರಂತೆ. ಇವಳಿಗೆ ಕೇಳಿಸಿರಲಿಲ್ಲ. ಅವರ ಕಣ್ಣನ್ನೇ ನೋಡಿ, “ಹೌದು ಸರ್, ಹಾರ್ಟಿನ ವಾಲ್ವ್ ಲೀಕ್ ಆಗ್ತಿದೆ,” ಎಂದಳು.

“ಇವರ ಹಾರ್ಟ್ ಚೆನ್ನಾಗಿದೆ. ಹೊಟ್ಟೆನೋವಿಗೆ ಬಂದವರು ಇವರು.”

ಫೇಲು. ಪರೀಕ್ಷೆಯಲ್ಲಿ ಸುಳ್ಳು ಹೇಳಿದೆ ಎಂದು ಅಪ್ಪನ ಮುಂದೆ ಒಪ್ಪಿಕೊಂಡಳೇ ಹೊರತು, ಪಾಠ ಯಾರದ್ದೆಂದು ಬಾಯಿಬಿಡಲಿಲ್ಲ. ನನ್ನನ್ನು ಮಾತ್ರ ಮೆಟ್ಟಿಲ ಹತ್ತಿರ ಹಿಡಿದಳು.

“ಆ ಪೇಷಂಟ್ ಮಾಶಿಗೆ ಇಂಗ್ಲಿಷ್ ಬರಲ್ಲ ಅಣ್ಣ. ‘ಹಾರ್ಟ್’, ‘ಲೀಕ್’ ಅಷ್ಟೇ ತಿಳಿದಿದ್ದು. ನನ್ನ ಕೈ ಹಿಡ್ಕೊಂಡ್ರು. ನಾನು ಬಿಡಿಸ್ಕೊಂಡು ಓಡಿಬಂದೆ. ಈಗ ಹೋಗ್ಬೇಕು, ನೀವೂ ಬನ್ನಿ.”

“ನಾನ್ಯಾಕೆ?”

“ಪಾಠ ಯಾರದ್ದು?”

ವಾರ್ಡಿನಲ್ಲಿ ಆ ಹೆಂಗಸು ಬಲಮಗ್ಗುಲಾಗಿ ಮುದುಡಿದ್ದಳು. ಎಡಕ್ಕೆ ತಿರುಗಿದರೆ ಎದೆ ಇನ್ನಷ್ಟು ಸೋರೀತೆಂಬ ಭಯವಂತೆ. ಕೋಕಿಲಾ ಬಂಗಾಳಿಯಲ್ಲಿ ಹೇಳಿದಳು: “ನಿಮ್ಮ ಹಾರ್ಟಿಗೆ ಏನೂ ಆಗಿಲ್ಲ ಮಾಶಿ. ನನಗೇನೂ ಕೇಳಿಸಿರಲಿಲ್ಲ. ಪಾಸಾಗೋಕೆ ಸುಳ್ಳು ಹೇಳಿದೆ.”

“ಪಾಸಾದ್ಯಾ?”

“ಇಲ್ಲ.”

“ಸರಿಯಾಯ್ತು,” ಎಂದಳು ಆಕೆ. ಆಮೇಲೆ ಎಡಕ್ಕೆ ಹೊರಳಿ, “ಇವನ್ಯಾರು?” ಎಂದು ನನ್ನತ್ತ ಗದ್ದ ಎತ್ತಿದಳು.

“ನನ್ನ ಟೀಚರ್.”

ಕೊರಳಲ್ಲಿ ಮೆರೆಯುತ್ತಿದ್ದ ಕಂಪನಿಯ ಐಡಿ ಕಾರ್ಡನ್ನು ಅಂಗಿಯೊಳಗೆ ತುರುಕಿಕೊಂಡೆ.

ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ, ಬೇರೆ ರೋಗಿ, ಅದೇ ಪ್ರಶ್ನೆ. “ಕೇಳಿಸ್ತಿಲ್ಲ ಸರ್,” ಎಂದಳು. ಈ ಸಲ ಸದ್ದು ನಿಜವಾಗಿಯೂ ಇತ್ತು! ಪರೀಕ್ಷಕರು ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, “ಈಗ?” ಎಂದರು. “ಈಗ ಕೇಳಿಸ್ತು.” ಪಾಸು ಮಾಡಿದರು.

ಈಗ ಅವಳು ದೊಡ್ಡಾಸ್ಪತ್ರೆಯ ಡಾಕ್ಟರು. ತಿಳಿಯದಿದ್ದರೆ ತಕ್ಷಣ ಕರೆಯುತ್ತಾಳೆಂಬ ಧೈರ್ಯದ ಮೇಲೆ, ಹಿರಿಯರು ಕಷ್ಟದ ರೋಗಿಗಳನ್ನು ಅವಳಿಗೇ ಒಪ್ಪಿಸಿ ಮನೆಗೆ ಹೋಗುತ್ತಾರಂತೆ. ನಾನು ಇನ್ನೂ ಅದೇ ಮೊದಲ ಪಾಠ ಒದರುತ್ತಿದ್ದೇನೆ.

ಭಾನುವಾರ ನೆಂಟರು ಬಂದರೆ ಅಶ್ವತ್ಥನಾರಾಯಣರು ನನ್ನ ಬೆನ್ನು ತಟ್ಟುತ್ತಾರೆ: “ಎಲ್ಲಾ ನಮ್ಮ ವಿಘ್ನೇಶನ ಟ್ರೈನಿಂಗು!”

ಹುಳಿ ಬಡಿಸುತ್ತಿದ್ದ ಕೋಕಿಲಾ ಸೌಟು ಹಿಡಿದು ನಿಲ್ಲುತ್ತಾಳೆ, ನಾನೇನಾದರೂ ಹೇಳುತ್ತೇನೋ ಎಂದು. ನಾನು ಅನ್ನದಲ್ಲಿ ಗುಳಿ ತೋಡುತ್ತಾ, “ಸಾಕು, ಸಾಕು,” ಅನ್ನುತ್ತೇನೆ.