ಕೃಷ್ಣವ್ವ ಊದಿದ ಚೆಂಡು

ಕಟಕೋಳದ ಪಂಕ್ಚರ್ ಅಂಗಡಿಯ ಕಾಡಪ್ಪ ಟ್ಯೂಬನ್ನು ನೀರಿಗೆ ಹಾಕುವ ಮೊದಲು ಕಿವಿಗೆ ಹಿಡಿಯುತ್ತಿದ್ದ. ಎಲ್ಲಿ ಸೋರುತ್ತಿದೆ ಎಂದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ನೀರಿನ ಗುಳ್ಳೆ ನನ್ನಂಥ ಅನುಮಾನದವರಿಗೆ. "ಗಾಳಿ ಯಾರಪ್ಪಂದೂ ಅಲ್ರಿ ಸರ, ಇವತ್ತಿಲ್ಲ ನಾಳಿ ಹೋಗೂದ," ಅನ್ನುತ್ತಿದ್ದ.

೧೯೯೫ರಲ್ಲಿ ನಾನು ಅಲ್ಲಿ ಆಟದ ಮಾಸ್ತರ. ರಗ್ಬಿ ವಿಶ್ವಕಪ್ಪಿನ ಸುದ್ದಿ ಓದಿ ಹುಚ್ಚು ಹಿಡಿದು, ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಿಂದ ತತ್ತಿಯಂಥ ಚೆಂಡೊಂದನ್ನು ತಂದೆ. ಒಳಗಿನ ರಬ್ಬರ್ ಚೀಲದ, ಅಂದರೆ ಬ್ಲಾಡರಿನ, ಬಾಯಿಗೆ ದಾರ ಕಟ್ಟುವ ಹಳೇ ನಮೂನೆ. ಕಾಡಪ್ಪನ ಅಂಗಡಿಗೆ ಒಯ್ದರೆ ಅವನ ಪಂಪು ಅದಕ್ಕೆ ಕೂಡಲಿಲ್ಲ.

"ಇಲ್ಲೆ ತರ್ರಿ, ಒಲಿ ಊದಿ ಊದಿ ಹಣ್ಣಾಗೇನಿ, ಇದೇನ ಮಹಾ!" ಎಂದು ಅವನ ಹೆಂಡತಿ ಕೃಷ್ಣವ್ವ ಊದತೊಡಗಿದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಹುಡುಗನೊಬ್ಬ ಕಾಲ್ಚೆಂಡನ್ನು ಕೈಲೆತ್ತಿಕೊಂಡು ಓಡಿದನಂತೆ. ನಿಜವೋ ಕಟ್ಟುಕಥೆಯೋ, ಆಟ ಮಾತ್ರ ದೇಶದೇಶ ಸುತ್ತಿತು ಎಂದೆ. ಆಗ ಚೆಂಡಿನೊಳಗೆ ಹಂದಿಯ ಮೂತ್ರಚೀಲವಿಟ್ಟು ಊದುತ್ತಿದ್ದರು, ಚೆಂಡು ಮಾಡುವವನೊಬ್ಬನ ಹೆಂಡತಿ ಅದನ್ನು ಊದೂದಿ ಎದೆರೋಗದಿಂದ ಸತ್ತಳಂತೆ ಎಂದೂ ಹೇಳಿದೆ.

ಕೃಷ್ಣವ್ವ ದಾರ ಬಿಗಿದು ನಕ್ಕಳು. "ನನ್ನ ಉಸಿರು ಗಟ್ಟಿ ಐತ್ರಿ ಸರ."

ಮೂರು ತಿಂಗಳಿಗೆ ನ್ಯುಮೋನಿಯಾದಿಂದ ತೀರಿಕೊಂಡಳು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಮಣ್ಣು ಕೊಟ್ಟ ಮರುದಿನ ಕಾಡಪ್ಪ ಶಾಲೆಗೆ ಬಂದು ಚೆಂಡನ್ನು ಒತ್ತಿ ನೋಡಿದ. ಗಟ್ಟಿಯಾಗಿತ್ತು. "ಅಕಿ ಉಸಿರು ಇದರಾಗ ಐತ್ರಿ," ಎಂದು ಒಯ್ದು ಅಂಗಡಿಯ ಗೂಟಕ್ಕೆ ತೂಗುಹಾಕಿದ.

ಎಂಟು ವರ್ಷ ಚೆಂಡು ಇಳಿಯಲಿಲ್ಲ. ಹೋದಾಗೆಲ್ಲ ಹೆಬ್ಬೆರಳೊತ್ತಿ ನೋಡುತ್ತಿದ್ದೆ. ಒಮ್ಮೆ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಆ ಗೂಟಕ್ಕೆ ಬಿಸಿಲೇ ಬೀಳುತ್ತಿರಲಿಲ್ಲ.

೨೦೦೩ರ ಒಂದು ಮಧ್ಯಾಹ್ನ ಕಾಡಪ್ಪ ಚೆಂಡನ್ನು ಕಿವಿಗೆ ಹಿಡಿದು ಕೂತಿದ್ದ. "ಸೋರಾಕ ಹತ್ತೇತ್ರಿ ಸರ." ನೀರಿಗೆ ಅದ್ದಿದ. ಒಂದು ಗುಳ್ಳೆ ಎದ್ದಿತು. ತಡೆದು, ಇನ್ನೊಂದು. ನಿದ್ದೆ ಹೋದವರು ಉಸಿರಾಡಿದ ಹಾಗೆ.

"ಪಂಕ್ಚರ್ ಹಾಕಪಾ ಮತ್ತ!" ಎಂದೆ.

"ಹಾಕಬೇಕಂದ್ರ ಒಳಗಿನ ಗಾಳಿ ಪೂರಾ ಬಿಡಬೇಕಲ್ರಿ. ಸುಮ್ಮನ ಕುಂತ್ರೂ ಹೋಗ್ತಾಳ."

ಊರ ಪಂಕ್ಚರನ್ನೆಲ್ಲ ಮುಚ್ಚಿದವನು ಚೆಂಡನ್ನು ನೀರಿನಿಂದೆತ್ತಿ ಅಂಗಿಯಿಂದ ಒರೆಸಿದ. ಅವನು ಥಟ್ಟನೆ ದಾರ ಬಿಚ್ಚಿ, ಬ್ಲಾಡರಿಗೆ ಬಾಯಿ ಹಚ್ಚಿ ಜೋರಾಗಿ ಎಳೆದುಕೊಂಡ. ಚೆಂಡು ಒಳಕ್ಕೆ ಕುಸಿಯಿತು. ಅಂಗಡಿಯ ತುಂಬ ಒಲೆಯ ಹೊಗೆಯ ವಾಸನೆ ಹರಡಿತು. ಅವನ ಮುಖ ಕೆಂಪಾಗಿ ಕಣ್ಣು ಮೇಲಾದವು.

"ಉಸಿರು ಬಿಡೋ ಕಾಡಪ್ಪ! ಸಾಯ್ತಿ!" ಎಂದು ಬೆನ್ನಿಗೆ ಗುದ್ದಿದೆ.

ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬಿಡುವುದಿಲ್ಲ ಎಂದು ತಲೆ ಅಲ್ಲಾಡಿಸಿದ.