ಅವರೆ ಹೂವಿನ ಬಣ್ಣ

ಎರಡು ದಿನದಿಂದ ನನ್ನ ಬೆರಳುಗಳಿಗೆ ಅವರೆ ಎಲೆಯ ವಾಸನೆ ಹತ್ತಿಕೊಂಡಿದೆ. ಸೋಪಿಗೂ ಜಗ್ಗುತ್ತಿಲ್ಲ. ಹಸಿಹಸಿಯಾದ, ತುಸು ಒಗರು ಬೆರೆತ ವಾಸನೆ. ಆಫೀಸಿನಲ್ಲಿ ಮೀಟಿಂಗ್ ನಡೆದಾಗ ಗಲ್ಲಕ್ಕೆ ಕೈಹಚ್ಚಿ ಗಂಭೀರವಾಗಿ ಯೋಚಿಸುವವನ ಹಾಗೆ ಕೂತು ಬೆರಳು ಮೂಸುತ್ತೇನೆ. ಕಾರಣ ಇಷ್ಟೇ. ಕೋಥರೂಡಿನ ನಮ್ಮ ಫ್ಲ್ಯಾಟಿನ ಗ್ಯಾಲರಿಯಲ್ಲಿ, ನಾನು ಜನ್ಮದಲ್ಲಿ ಮೊದಲ ಸಲ ಬೆಳೆಸಿದ ಚಪ್ಪರದವರೆಯ ಬಳ್ಳಿ ಮೊಗ್ಗು ಕಟ್ಟಿದೆ. ಮೊಗ್ಗು ಇನ್ನೂ ಸಾಸಿವೆಯಷ್ಟು. ಒಳಗಿನ ಬಣ್ಣ ಬಿಟ್ಟುಕೊಟ್ಟಿಲ್ಲ. ದಿನಕ್ಕೆ ಎಷ್ಟು ಸಲ ಹೋಗಿ ನೋಡುತ್ತೇನೆಂದು ಹೇಳಿದರೆ, ನನ್ನ ಬಗ್ಗೆ ನಿಮಗಿರುವ ಅಷ್ಟಿಷ್ಟು ಗೌರವವೂ ಹೋದೀತು.

ಒಂದು ಹೂವಿನ ಬಣ್ಣಕ್ಕೆ ಇಷ್ಟು ತಳಮಳವೇಕೆ ಎನ್ನುವಿರಿ. ಅದರ ಹಿಂದೆ ನನ್ನ ಅಪ್ಪ ಇದ್ದಾನೆ. ಧಾರವಾಡದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದ ಅಪ್ಪ ಇಲ್ಲೇ ಹತ್ತಿರದ ಚಿಂಚವಾಡದ ಒಂದು ಕಾರಖಾನೆಯಲ್ಲಿ ಲೇಥ್ ಮಷೀನಿನ ಮೇಲಿದ್ದ. ಕಾರ್ಮಿಕರ ಕಾಲನಿಯ ಕ್ವಾರ್ಟರ್ಸು, ಅದರ ಹಿಂದೆ ಅಂಗೈಯಗಲದ ಹಿತ್ತಲು, ಹಿತ್ತಲ ತುಂಬ ಅವ್ವ ಹಬ್ಬಿಸಿದ ಅವರೆ ಚಪ್ಪರ. ನಾನು ಶಾಲೆಯ ಮುಖ ಕಾಣುವ ಮೊದಲೇ ಅಪ್ಪ ತೀರಿಕೊಂಡ. ಅವನದೆಂದು ನನ್ನ ಹತ್ತಿರ ಇರುವುದು ಒಂದೇ ನೆನಪಿನ ಚಿತ್ರ. ರಾತ್ರಿ ಪಾಳಿ ಮುಗಿಸಿ ಬಂದವನು ಚಪ್ಪರದ ಕೆಳಗೆ ಹೊರಸಿನ ಮೇಲೆ ಮಲಗಿದ್ದಾನೆ. ಬನಿಯನ್ನಿನ ಮೇಲೆ ನೇರಳೆ ಹೂಗಳು ಉದುರಿವೆ. ಅವನ ಉಸಿರಿನ ಜೊತೆ ಹೂಗಳೂ ಏಳುತ್ತವೆ, ಇಳಿಯುತ್ತವೆ.

ಚಂದದ ಚಿತ್ರ. ನನ್ನ ಸಂಶಯವೂ ಅಲ್ಲೇ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಬಹಳಷ್ಟನ್ನು ಮರೆತಿದ್ದೇನೆ. ಅತಿ ಚಂದ ಕಾಣುವ ಪುರಾವೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಬೇಕೆಂಬುದನ್ನು ಮಾತ್ರ ಮರೆತಿಲ್ಲ. ಅವ್ವ ಇದ್ದಾಗ ಕೇಳಬೇಕೆಂದು ಹೊಳೆಯಲಿಲ್ಲ. ಈಗ ಉಳಿದವಳು ಬೆಳಗಾವಿಯ ಅಕ್ಕ. ನನಗಿಂತ ಬಹಳ ದೊಡ್ಡವಳು, ನಮ್ಮ ಬಾಲ್ಯದ ಎಲ್ಲ ವಿಷಯಗಳಲ್ಲೂ ಕೊನೆಯ ಮಾತು ಅವಳದೇ. ಯುಗಾದಿಗೆ ನಮ್ಮ ಮನೆಗೆ ಬಂದಿದ್ದಾಗ ಈ ಚಿತ್ರವನ್ನು ಅವಳ ಮುಂದಿಟ್ಟೆ. ಅವಳು ಹೋಳಿಗೆ ಮುರಿಯುತ್ತ ನಕ್ಕಳು.

“ನೇರಳೆ ಎಲ್ಲಿಂದ ತಂದ್ಯೋ ತಮ್ಮಾ? ಅವು ಬಿಳೀ ಹೂವು. ಮತ್ತ ಅಪ್ಪ ಹೊರಗ ಎಂದೂ ಮಲಗಿಲ್ಲ. ಒಳಗ ಖಿಡಕಿಗೆ ಚಾದರ ಕಟ್ಟಿ ಮಲಗತಿದ್ದ.”

ಇದ್ದೊಬ್ಬ ಅಪ್ಪನನ್ನು ಹೋಳಿಗೆ ತಿನ್ನುತ್ತ ಕಸಿದುಕೊಂಡಳು.

ಆಮೇಲೆ ಹೊಳೆಯಿತು. ಅಪ್ಪ ಹೋದ ಮೇಲೆ ನಾವು ಬಿಟ್ಟ ಕ್ವಾರ್ಟರ್ಸಿಗೆ ಬಂದವರು ವಿಜಯಪುರದ ಗಂಗಾಕಾಕು, ನಮಗೆ ಚಿಕ್ಕಮ್ಮನಂತಿದ್ದವರು. ಮನೆಯ ಜೊತೆ ಚಪ್ಪರವೂ ಅವರ ಪಾಲಿಗೆ ಬಂದಿತ್ತು. ಮುಂದೆ ಚಿಂಚವಾಡದಲ್ಲೇ ಸ್ವಂತ ಮನೆ ಕಟ್ಟಿದಾಗ ಬೀಜ ಒಯ್ದು ಅಲ್ಲೂ ಹಬ್ಬಿಸಿದ್ದಾರೆಂದು ಕೇಳಿದ್ದೆ. ಅದೇ ಅವರೆಯನ್ನು ನಾನೇ ಬೆಳೆಸಿದರೆ? ಹೂ ನೇರಳೆಯಾದರೆ ನನ್ನ ನೆನಪು ಒಂದು ಪರೀಕ್ಷೆಯನ್ನಾದರೂ ಪಾಸಾದಂತೆ. ಹೊರಸಿನ ಮೇಲಿನ ಅಪ್ಪನನ್ನೂ ನಂಬಬಹುದು. ಬಿಳಿಯಾದರೆ ಎಲ್ಲವೂ ನಾನು ಕಟ್ಟಿಕೊಂಡ ಕತೆ. ಈ ಯೋಚನೆ ಬಂದದ್ದೇ ತಡ, ಮೇ ತಿಂಗಳ ಉರಿಬಿಸಿಲಿನಲ್ಲಿ ಬೈಕು ಹತ್ತಿದೆ. ಅಷ್ಟು ಖುಷಿಯಿಂದ ನಾನು ಪರೀಕ್ಷೆಗೆ ಹೊರಟದ್ದು ಓದುವ ಕಾಲದಲ್ಲೂ ಇಲ್ಲ.

ಕಾಕು ಒಣಗಿದ ಬಳ್ಳಿ ತೋರಿಸಿದರು. ಬೂದಿಯಲ್ಲಿ ಹುಗಿದಿಟ್ಟಿದ್ದ ಬೀಜ ಕೊಡವಿ ಒಂದು ಮುಷ್ಟಿ ಕೊಟ್ಟರು. ಹೂವಿನ ವರ್ಣನೆಗೆ ಬಾಯಿ ತೆರೆದಾಗ ನಾನು ಕೈ ಅಡ್ಡ ಹಿಡಿದೆ. ಈಗಲೇ ಗೊತ್ತಾದರೆ ಪ್ರಯೋಗ ಕೆಡುತ್ತದೆ ಎಂದೆ.

“ಬಣ್ಣ ಕೇಳಾಕ ಅಂಜತೀಯಲ್ಲೋ,” ಎಂದರು ಕಾಕು.

ನಾನು ಹೆಲ್ಮೆಟ್ ಹಾಕಿಕೊಂಡೆ.

ಇನ್ನು ತೋಟಗಾರಿಕೆ. ನರ್ಸರಿಯವನು ಏನು ಹಚ್ಚುತ್ತೀರಿ ಸಾಹೇಬ ಎಂದು ಮರಾಠಿಯಲ್ಲಿ ಕೇಳಿದಾಗ, ಸಾಗವಾನಿಯ ತೋಪು ಹಾಕುವವನ ಗತ್ತಿನಲ್ಲಿ ‘ಘೇವಡಾ’ ಎಂದೆ. ಚಪ್ಪರದವರೆಗೆ ಇಲ್ಲಿ ಅದೇ ಹೆಸರು. ದೊಡ್ಡ ಕುಂಡ, ಕೆಂಪುಮಣ್ಣು, ಸಗಣಿ ಗೊಬ್ಬರ, ನೀರು ಚಿಮುಕಿಸುವ ಬಾಟಲಿ ಎಲ್ಲ ಬಂತು. ಮೊದಲ ಮಳೆಗೆ ಬೀಜ ಊರಿದೆ. ಮರುದಿನ ಬೆಳಗ್ಗೆ ಕೆದರಿ ನೋಡಿದೆ. ಏನೂ ಆಗಿರಲಿಲ್ಲ. ಸಂಜೆಗೂ ನೋಡಿದೆ. ಮಣ್ಣಿನೊಳಗೆ ಕೆಲಸ ನಡೆದಿದೆ ಎಂದು ಯಾವ ಆಧಾರದ ಮೇಲೆ ನಂಬಬೇಕು, ಹೇಳಿ? ಹೀಗೆ ದಿನವೂ ತಪಾಸಣೆ ಮಾಡಿದ್ದಕ್ಕೆ ಬೀಜಗಳು ಉಬ್ಬಿ, ಸಿಪ್ಪೆ ಬಿಟ್ಟು, ಕೊಳೆತುಹೋದವು. ಹೆಂಡತಿ ವಿದ್ಯಾ ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡುತ್ತಿದ್ದಳು.

“ದಿನಾ ಹೊದಿಕಿ ಎತ್ತಿ ಎತ್ತಿ ನೋಡಿದ್ರ ಅದು ಹೆಂಗ ಏಳತದ್ರೀ? ನಿಮ್ಮನ್ನ ಹಿಂಗ ಎಬ್ಬಿಸಿದ್ರ ನೀವು ಏಳತೀರೇನು?”

ಉಳಿದ ಬೀಜಗಳನ್ನು ಅವಳೇ ಊರಿದಳು. ನಾನು ಮಣ್ಣಿಗೆ ಬೆರಳು ತಾಗಿಸಕೂಡದೆಂದು ಅಪ್ಪಣೆಯಾಯಿತು. ಆ ದಿನಗಳನ್ನು ಹೇಗೆ ಕಳೆದೆನೋ. ಕೊನೆಗೊಂದು ಬೆಳಗ್ಗೆ ಮಣ್ಣು ಬಿರುಕು ಬಿಟ್ಟಿತ್ತು. ಅದರೊಳಗಿಂದ ಕತ್ತು ಬಗ್ಗಿಸಿಕೊಂಡು, ಬೀಜವನ್ನೇ ಟೊಪ್ಪಿಗೆಯಂತೆ ಹೊತ್ತು, ಒಂದು ಮೊಳಕೆ ಮೇಲೆ ಬರುತ್ತಿತ್ತು. ನಾನು ಕೂಗಿದ ರಭಸಕ್ಕೆ ವಿದ್ಯಾ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದಳು. ಹಾಲು ಉಕ್ಕಿತು. ಮೊಳಕೆಯ ಫೋಟೋ ನೆಂಟರಿಷ್ಟರಿಗೆಲ್ಲ ಹೋಯಿತು, ಕೈತಪ್ಪಿ ಆಫೀಸಿನ ಗ್ರೂಪಿಗೂ ಹೋಯಿತು.

ಬಳ್ಳಿ ಉದ್ದವಾದಾಗ ಹಗ್ಗ ಕಟ್ಟಿ, ನಾನೇ ಕಾಳಜಿಯಿಂದ ಸುತ್ತಿ ಬಿಟ್ಟೆ. ಮರುದಿನ ನೋಡಿದರೆ ಅದು ನನ್ನ ಸುತ್ತನ್ನು ಬಿಚ್ಚಿಕೊಂಡು ಎದುರು ದಿಕ್ಕಿಗೆ ಸುತ್ತಿಕೊಂಡಿತ್ತು. ಇಂಥ ಹಟಮಾರಿ ನಮ್ಮ ಮನೆಯಲ್ಲಿ ಇನ್ನೊಂದಿದೆ ಎಂದು ವಿದ್ಯಾ ನನ್ನ ಕಡೆ ನೋಡಿದಳು. ಗಣಪತಿ ಹಬ್ಬಕ್ಕೆ ಬಳ್ಳಿ ಗ್ಯಾಲರಿಯ ಸೂರು ಮುಟ್ಟಿತು. ಒಣಹಾಕಿದ ಬಟ್ಟೆಗಳ ಮೇಲೆ ಕೆಸರುನೀರು ಸುರಿಯುತ್ತದೆಂದು ಕೆಳಗಿನ ಮನೆಯವರು ಜಗಳಕ್ಕೆ ಬಂದಾಗ, ಮೊದಲ ಕೊಯ್ಲಿನಲ್ಲಿ ಪಾಲು ಕೊಡುತ್ತೇನೆಂದು ಸಮಾಧಾನ ಮಾಡಿ ಕಳಿಸಿದೆ. ಆಗಿನ್ನೂ ಮೊಗ್ಗಿನ ಸುಳಿವೂ ಇರಲಿಲ್ಲ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ನಡುವೆ ಕೆಲವು ದಿನ ಕಳೆದಿವೆ. ಇವತ್ತು ಬೆಳಗ್ಗೆ ಹೂ ಅರಳಿತು.

ಬಿಳಿ.

ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಒರೆಸಿ ನೋಡಿದೆ, ದಳದ ಬೆನ್ನು ತಿರುಗಿಸಿ ನೋಡಿದೆ. ಎಲ್ಲೂ ನೇರಳೆಯ ಗೆರೆಯಿಲ್ಲ. ಪ್ರಯೋಗ ಮಾಡಿದವನು ಫಲಿತಾಂಶ ಮುಚ್ಚಿಡಬಾರದು ಎಂದು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಚೇಷ್ಟೆ ಮಾಡುತ್ತಾಳೆಂದುಕೊಂಡಿದ್ದೆ. ಅವಳು ಫೋನನ್ನು ಇನ್ನಷ್ಟು ಹತ್ತಿರ ಹಿಡಿಯಲು ಹೇಳಿ ಹೂಗಳನ್ನು ನೋಡಿದಳು.

“ಹೂವಿನ ಮಾತು ನಂದ ಖರೆ ಆತು,” ಎಂದಳು. ಆಮೇಲೆ ದನಿ ಇಳಿಸಿದಳು. “ಆದ್ರ ಅಪ್ಪನ ಮಾತು ನಾ ಹಂಗ ಹೇಳಬಾರದಿತ್ತೋ. ಸೂಟಿ ದಿವಸ ನೋಡಿದ್ದಷ್ಟ ನಂಗ ಗೊತ್ತು. ಉಳಿದ ದಿನ ಹಗಲೆಲ್ಲಾ ನಾ ಸಾಲ್ಯಾಗ ಇರತಿದ್ದೆ. ಅಪ್ಪನ ಕೂಡ ಮನ್ಯಾಗ ಇರತಿದ್ದಾಂವ ನೀನು.”

ಅಂದರೆ ಆ ಹೊರಸಿಗೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬನೇ. ಅದೂ ಹೂವಿನ ಬಣ್ಣ ತಪ್ಪು ಹೇಳಿ ಸಿಕ್ಕಿಬಿದ್ದ ಸಾಕ್ಷಿ. ಇಂಥವನ ಮಾತನ್ನು ನಾನಾದರೆ ಒಪ್ಪುತ್ತಿರಲಿಲ್ಲ. ಆದರೂ ನನಗೆ ಸೋತೆನೆನ್ನಿಸಲಿಲ್ಲ.

ವಿದ್ಯಾ ಚಹಾ ತಂದಳು, ಕಾಯಿ ಯಾವಾಗ ಬಿಡುತ್ತದೆಂದು ಕೇಳಿದಳು. ತಡಿ ಎಂದು ಕೈಸನ್ನೆ ಮಾಡಿದೆ. ಬಳ್ಳಿಯ ಕೆಳಗೆ ಕಣ್ಣು ಮುಚ್ಚಿ ನಿಂತು, ಅಪ್ಪನ ಎದೆಯ ಮೇಲಿನ ನೇರಳೆ ಹೂಗಳನ್ನು ಒಂದೊಂದಾಗಿ ಮೆಲ್ಲಗೆ ಎತ್ತಿ, ಆ ಜಾಗದಲ್ಲಿ ಬಿಳಿಯವನ್ನು ಇಟ್ಟು ನೋಡಿದೆ.

ಅಪ್ಪನಿಗೆ ಎಚ್ಚರವಾಗಲಿಲ್ಲ.